ಇಬ್ಬರು ಹೆಂಗಸರು ಕೂತು ಮಾತಾಡಿದರೆ ನಿಮಗೇನು ಕಷ್ಟ?

“ಹೆಂಗಸರ ಕಾದಂಬರಿಯೆಲ್ಲ ನಾನು ಓದುವುದಿಲ್ಲ ಮಾರಾಯ್ರೆ, ಅದರಲ್ಲಿ ಎಂತ ಉಂಟು?” ಎಂದು ಪುಸ್ತಕ ಬಿಡುಗಡೆ ಮುಗಿದ ಮೇಲೆ ಚಾ ಕುಡಿಯುತ್ತ ಹೇಳುವ ಗಂಡಸರು ಮಂಗಳೂರಿನಲ್ಲಿ ಇವತ್ತಿಗೂ ಇದ್ದಾರೆ. ಸುತ್ತ ನಿಂತವರು ನಗಬೇಕು, ಅದು ರೂಢಿ. ನನಗೆ ನಗು ಬರುವುದಿಲ್ಲ. ನಾನು ಅವರಿಗೆ ಕೇಳುವುದಿಷ್ಟು: ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ನೀವೇ ಕ್ಲಾಸಿನಲ್ಲಿ ಪಾಠ ಹೇಳುವ ಪುಸ್ತಕ ಅಚ್ಚಾದ ಊರು ಯಾವುದು, ಪುಸ್ತಕದ ಹೆಸರೇನು? ಊರು ಇದೇ ಮಂಗಳೂರು. ಇಸವಿ 1899. ಅಚ್ಚು ಹಾಕಿದ್ದು ಬಾಸೆಲ್ ಮಿಶನ್ ಪ್ರೆಸ್ಸು. ಪುಸ್ತಕದ ಹೆಸರು ‘ಇಂದಿರಾಬಾಯಿ’.

ಬರೆದ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯವರು. ಕಳ್ಳನನ್ನು ಗುರುತಿಸುವ ಕಣ್ಣು ಕಾದಂಬರಿಯಲ್ಲೂ ಕೆಲಸ ಮಾಡಿದೆ. ಲಂಚದ ದುಡ್ಡಿನಲ್ಲಿ ಕೊಬ್ಬಿದ ಮನೆ, ಆ ಮನೆಯ ದೇವರ ಭಕ್ತಿ, ಭಕ್ತಿಯ ಬಾಗಿಲಿನಿಂದ ಒಳಗೆ ಬರುವ ‘ಸಂತರು’, ಎಳೆ ಪ್ರಾಯದ ವಿಧವೆ ಮಗಳನ್ನು ಆ ಸಂತರ ಸೇವೆಗೆ ಬಿಡುವ ಹೆತ್ತವರು. ಇಂದಿರೆ ಆ ಮನೆಯಿಂದ ಓಡಿಹೋಗುತ್ತಾಳೆ. ಅಮೃತರಾಯ, ಜಲಜಾಕ್ಷಿ ದಂಪತಿಯ ಮನೆಯಲ್ಲಿ ಆಸರೆ ಸಿಗುತ್ತದೆ, ಓದುತ್ತಾಳೆ, ಮರುಮದುವೆಯಾಗುತ್ತಾಳೆ. ಪುಸ್ತಕ ಮುಚ್ಚಿಟ್ಟ ಮೇಲೂ ನನ್ನನ್ನು ಬಿಡದೆ ಕಾಡುವವಳು ಮಾತ್ರ ತಾಯಿ ಅಂಬಾಬಾಯಿ. ಮಗಳೆದುರು ನಿಂತು ಅವಳು ಆಡುವ ಮಾತು ಯಾರದ್ದು? ಗಂಡನದ್ದು, ಸಂತರದ್ದು. ಹೆತ್ತ ತಾಯಿಯೇ ಮಗಳ ಹತ್ತಿರ ಗಂಡಸರ ಪರವಾಗಿ ವಕಾಲತ್ತು ಮಾಡುವುದನ್ನು ಕನ್ನಡ ಕಾದಂಬರಿ ತೊಟ್ಟಿಲಲ್ಲಿರುವಾಗಲೇ ಕಂಡು ಬರೆದಿಟ್ಟಿತು. ಆರು ವರ್ಷ ಕಳೆದು, 1905ರಲ್ಲಿ, ಬೋಳಾರ ಬಾಬುರಾಯರು ಮಠದ ಒಳಕೋಣೆಗೆ ದೀಪ ಹಿಡಿದರು. ಆ ಕಾದಂಬರಿಯ ಹೆಸರೂ ಒಬ್ಬ ಹೆಂಗಸಿನದ್ದೇ, ‘ವಾಗ್ದೇವಿ’.

ಕಾದಂಬರಿ ಹುಟ್ಟಿದ್ದೇ ಹೀಗೆ ಇರುವಾಗ ಹೆಂಗಸರ ಕತೆಗೆ ಮೂಗು ಮುರಿಯುವ ಚಾಳಿ ಎಲ್ಲಿಂದ ಬಂತು? ದೊಡ್ಡ ವಿಮರ್ಶಕರು ಅದಕ್ಕೊಂದು ಹೆಸರನ್ನೂ ಇಟ್ಟರು: ಅಡುಗೆಮನೆ ಸಾಹಿತ್ಯ. ಊಟಕ್ಕೆ ಅಡುಗೆಮನೆ ಬೇಕು, ಓದಿಗೆ ಬೇಡ. ಕನ್ನಡಕ್ಕೆ ಎಂಟು ಜ್ಞಾನಪೀಠ ಬಂದಿದೆ ಎಂದು ಮೀಸೆ ತಿರುವುತ್ತೇವೆ, ಎಂಟೂ ಮೀಸೆಯವರಿಗೇ ಬಂದದ್ದು. ಕೇಂದ್ರ ಸಾಹಿತ್ಯ ಅಕಾಡೆಮಿ 1955ರಿಂದ ಪ್ರಶಸ್ತಿ ಕೊಡುತ್ತಿದೆ. ಕನ್ನಡದ ಒಬ್ಬ ಹೆಂಗಸಿಗೆ ಅದು ಸಿಗಲು 2004ರ ತನಕ, ಗೀತಾ ನಾಗಭೂಷಣರ ತನಕ ಕಾಯಬೇಕಾಯಿತು. ಅಷ್ಟರಲ್ಲಿ ತ್ರಿವೇಣಿ ಸತ್ತು 41 ವರ್ಷ ಆಗಿತ್ತು. ಎಂ.ಕೆ. ಇಂದಿರಾ ‘ಫಣಿಯಮ್ಮ’ ಕೊಟ್ಟು 28 ವರ್ಷ ಆಗಿತ್ತು.

ದೊಡ್ಡ ಕೃತಿ ಎಂದು ನಾವೆಲ್ಲ ತಲೆಯ ಮೇಲೆ ಹೊತ್ತದ್ದನ್ನೇ ತೆಗೆದುಕೊಳ್ಳಿ. ಅನಂತಮೂರ್ತಿಯವರ ‘ಸಂಸ್ಕಾರ’, 1965. ದೊಡ್ಡ ಕಾದಂಬರಿ, ನನ್ನ ತಕರಾರಿಲ್ಲ. ನಾರಣಪ್ಪನ ಹೆಣ ಕೊಳೆಯುತ್ತ ಬಿದ್ದಿದೆ, ಬ್ರಾಹ್ಮಣರು ಶಾಸ್ತ್ರ ಹುಡುಕುತ್ತಿದ್ದಾರೆ. ಕೊನೆಗೆ ಹೆಣ ಸುಡಿಸಿದವಳು ಯಾರು? ಕುಂದಾಪುರದ ಚಂದ್ರಿ. ರಾತ್ರೋರಾತ್ರಿ ಅಹ್ಮದ್ ಬ್ಯಾರಿಯ ಬಳಿ ಹೋಗಿ, ಅವನ ನೆರವಿನಿಂದ ಕೆಲಸ ಮುಗಿಸಿ ಹೊರಟುಹೋದಳು. ಇಡೀ ಅಗ್ರಹಾರ ಕೂತು ಬಗೆಹರಿಸದ ಪ್ರಶ್ನೆಯನ್ನು ಬಗೆಹರಿಸಿದ ಈ ಹೆಂಗಸು ಇನ್ನೊಬ್ಬ ಹೆಂಗಸಿನ ಜೊತೆ ಕೂತು ನಾಲ್ಕು ಮಾತು ಆಡಿದ್ದನ್ನು ನಾನು ಆ ಪುಸ್ತಕದಲ್ಲಿ ಕಾಣೆ. ಅಗ್ರಹಾರದ ಉಳಿದ ಹೆಂಗಸರಿಗೆ ಲೇಖಕರು ಕೊಟ್ಟ ಪಾಲು ಚಂದ್ರಿಯ ಚಿನ್ನದ ಮೇಲಿನ ಆಸೆ, ಅದನ್ನೂ ಅವರು ಗಂಡಂದಿರ ಕಿವಿಯಲ್ಲಿ ಊದಬೇಕು. ಆ ರಾತ್ರಿ ಚಂದ್ರಿಯ ತಲೆಯಲ್ಲಿ ಏನು ಓಡಿತು, ಹೇಳಿಕೊಳ್ಳಲು ಅವಳಿಗೊಬ್ಬ ಗೆಳತಿ ಇದ್ದಳೇ? ಕಾದಂಬರಿಗೆ ಪುರುಸೊತ್ತಿಲ್ಲ. ಅದು ಪ್ರಾಣೇಶಾಚಾರ್ಯರ ಬೆನ್ನು ಹಿಡಿದು ಕಾಡಿಗೆ, ಮೇಳಿಗೆಯ ಜಾತ್ರೆಗೆ ನಡೆದುಬಿಟ್ಟಿತು.

ನಮ್ಮ ಕಾರಂತಜ್ಜರನ್ನೂ ಬಿಡುವುದಿಲ್ಲ. 1968ರ ‘ಮೂಕಜ್ಜಿಯ ಕನಸುಗಳು’ ಅಜ್ಜಿಯದ್ದೇ ಕತೆ. ದೇವರು, ಕಾಮ, ಸಾವು ಎಲ್ಲದರ ಬಗ್ಗೆ ಅಜ್ಜಿ ಮಾತಾಡುತ್ತಾಳೆ. ಯಾರ ಹತ್ತಿರ? ಹೆಚ್ಚು ಪಾಲು ಮೊಮ್ಮಗ ಸುಬ್ಬರಾಯನ ಹತ್ತಿರ. ಆದರೆ ನೊಂದ ನಾಗಿ ಬಂದು ಎದುರು ಕೂತಾಗ ಅಜ್ಜಿಯ ಧಾಟಿಯೇ ಬದಲಾಗುತ್ತದೆ. ಆ ಪುಟಗಳಲ್ಲಿ ಪ್ರವಚನ ಇಲ್ಲ, ಮನುಷ್ಯರಿದ್ದಾರೆ. ಇದೇ ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ ಪಾರೋತಿ, ಸರಸೋತಿ ಎಂಬ ಅತ್ತಿಗೆ ನಾದಿನಿಯರನ್ನು ಕೊಟ್ಟರು. ರಾಮ ಐತಾಳನ ಹೆಂಡತಿ ಒಬ್ಬಳು, ವಿಧವೆ ತಂಗಿ ಇನ್ನೊಬ್ಬಳು. ಗದ್ದೆ, ಗೊಬ್ಬರ, ನೀರು, ಸೌದೆ ಎಲ್ಲ ಇವರಿಬ್ಬರ ಬೆನ್ನಿನ ಮೇಲೆ. ಐತಾಳ ಎರಡನೇ ಮದುವೆಗೆ ಹೊರಟಾಗ ಸರಸೋತಿ ನಿಂತದ್ದು ಅತ್ತಿಗೆಯ ಪಕ್ಕದಲ್ಲಿ. ಅತ್ತಿಗೆ ನಾದಿನಿ ಅಂದರೆ ಹಾವು ಮುಂಗುಸಿ ಎಂದು ಯಾರೋ ಕಟ್ಟಿದ ಸುಳ್ಳನ್ನು ಕಾರಂತರು ಕೋಡಿಯ ಮರಳಿನಲ್ಲಿ ಹೂತುಹಾಕಿದರು. ಹಾಗಾಗಿ ಇದು ಬರೆದವರು ಗಂಡೋ ಹೆಣ್ಣೋ ಎಂಬ ಜಗಳವಲ್ಲ. ಅಡುಗೆಮನೆಯ ಗೋಡೆಗೆ ಕಿವಿಯಿಟ್ಟು ಬರೆದವರು ಯಾರು, ಚಾವಡಿಯಲ್ಲಿ ಕೂತು ಊಹಿಸಿ ಬರೆದವರು ಯಾರು ಎಂಬ ಜಗಳ.

ಊಹೆಗೂ ಕೇಳಿಸಿಕೊಂಡದ್ದಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತಾದದ್ದು ಬೀಡಿ ಕಟ್ಟುವ ಜಗಲಿಯಲ್ಲಿ. ಮಂಗಳೂರಿನ ಸುತ್ತಮುತ್ತ ಬೀಡಿಯಲ್ಲಿ ಬದುಕಿದ ಮನೆಗಳಲ್ಲಿ ನಮ್ಮದೂ ಒಂದು. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಐದಾರು ಜನ ಸೇರುತ್ತಿದ್ದರು. ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ನೀರು ಚಿಮುಕಿಸಿ ಮೆತ್ತಗೆ ಮಾಡಿ ಕತ್ತರಿಸಿಟ್ಟ ಎಲೆ, ಒಂದು ಮೂಲೆಗೆ ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ಪಕ್ಕದ ಮನೆಯ ದೊಡ್ಡಮ್ಮ, ಹಿತ್ತಿಲಾಚೆಯ ಬ್ಯಾರಿ ಉಮ್ಮ, ಕೆಳಗಿನ ಮನೆಯ ಕ್ರಿಶ್ಚಿಯನ್ ಬಾಯಮ್ಮ. ಬೆರಳು ತನ್ನಷ್ಟಕ್ಕೆ ಎಲೆ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿದು ಕಟ್ಟಿಗೆ ಸೇರಿಸುತ್ತಿತ್ತು. ಬಾಯಿ ತುಳುವಿನಲ್ಲಿ. ಮಾತು ಯಾವುದು? ಈ ಸಲ ಬ್ರಾಂಚಿನಲ್ಲಿ ಕೊಟ್ಟ ಎಲೆಯಲ್ಲಿ ಅರ್ಧಕ್ಕರ್ಧ ಹರಕು. ಚೆಕ್ಕಿಂಗಿನವನು ಚೆನ್ನಾಗಿದ್ದ ಬೀಡಿಯನ್ನೂ ತೆಗೆದುಹಾಕಿದ. ಕಟ್ಟುವವರು ಮೂವರು, ಪಾಸ್‌ಬುಕ್ಕು ಒಬ್ಬಳ ಹೆಸರಲ್ಲಿ, ಪಿಎಫ್ ಬಂದರೆ ಹಂಚುವುದು ಹೇಗೆ? ಗರ್ಭಕೋಶ ತೆಗೆಸಿ ಎಂದ ಡಾಕ್ಟರನ ಮಾತು ಕೇಳಬೇಕೋ ಬೇಡವೋ? ಮಗಳ ಪಿಯುಸಿ ಫೀಸಿಗೆ ಬಳೆ ಅಡವಿಡುವುದೋ ಸಂಘದಿಂದ ಸಾಲ ತೆಗೆಯುವುದೋ? ಗಂಡಂದಿರ ಹೆಸರು ಬರುತ್ತಿರಲಿಲ್ಲ ಎಂದಲ್ಲ, ಬರುತ್ತಿತ್ತು, ಮಳೆ ಬಿಸಿಲಿನ ಮಾತು ಬಂದುಹೋಗುವ ಹಾಗೆ.

ನನ್ನ ಕೆಲಸ ವಾರಪತ್ರಿಕೆಯ ಧಾರಾವಾಹಿಯನ್ನು ಗಟ್ಟಿಯಾಗಿ ಓದಿ ಹೇಳುವುದು. ಕನ್ನಡ ಓದಲು ಬಾರದವರೂ ಅದರಲ್ಲಿದ್ದರು, ಕೇಳಲು ಎಲ್ಲರಿಗೂ ಬರುತ್ತಿತ್ತು. ಒಮ್ಮೆ ಕಾದಂಬರಿಯಲ್ಲಿ ಇಬ್ಬರು ಗೆಳತಿಯರು ವರ್ಷಗಳ ನಂತರ ಭೇಟಿಯಾದರು, ಭೇಟಿಯಾದ ಕೂಡಲೇ ಒಬ್ಬ ಗಂಡಸಿನ ಕಣ್ಣಿನ ವರ್ಣನೆಗೆ ತೊಡಗಿದರು. ದೊಡ್ಡಮ್ಮ ನೂಲು ಹಲ್ಲಿನಲ್ಲಿ ಕಚ್ಚಿಕೊಂಡೇ ಹೇಳಿದರು, “ನಿಲ್ಲಿಸು ಮಗಾ. ಇದನ್ನು ಬರೆದವ ಇಬ್ಬರು ಹೆಂಗಸರು ಮಾತಾಡುವುದನ್ನು ಜನ್ಮದಲ್ಲಿ ಕೇಳಲಿಲ್ಲ.” ಅಂಥ ಕಡಕ್ ವಿಮರ್ಶೆ ನಾನು ಆಮೇಲೆ ಯಾವ ವಿಚಾರಸಂಕಿರಣದಲ್ಲೂ ಕೇಳಿಲ್ಲ.

ದೊಡ್ಡಮ್ಮ ಹೇಳಿದ್ದನ್ನೇ ಅಮೆರಿಕದಲ್ಲಿ ಒಂದು ಕಾಮಿಕ್ಸು ಬೇರೆ ರೀತಿ ಹೇಳಿತು. 1985ರಲ್ಲಿ ಆಲಿಸನ್ ಬೆಕ್ಡೆಲ್ ಬರೆದ ಕಾಮಿಕ್ಸಿನಲ್ಲಿ ಒಬ್ಬಳು ತನ್ನ ಗೆಳತಿಗೆ ತನ್ನ ನಿಯಮ ಹೇಳುತ್ತಾಳೆ: ಸಿನಿಮಾದಲ್ಲಿ ಕನಿಷ್ಠ ಇಬ್ಬರು ಹೆಂಗಸರು ಇರಬೇಕು, ಅವರು ಒಬ್ಬರ ಜೊತೆ ಒಬ್ಬರು ಮಾತಾಡಬೇಕು, ಆ ಮಾತು ಗಂಡಸನ್ನು ಬಿಟ್ಟು ಬೇರೆ ವಿಷಯದ್ದಾಗಿರಬೇಕು. ಇಷ್ಟಿದ್ದರೆ ಮಾತ್ರ ಟಿಕೆಟ್ ತೆಗೆಯುವುದು. ಅವಳಿಗೆ ಕೊನೆಯದಾಗಿ ನೋಡಲು ಸಿಕ್ಕಿದ ಸಿನಿಮಾ ‘ಏಲಿಯನ್’. ಅದರಲ್ಲಿ ಇಬ್ಬರು ಹೆಂಗಸರು ರಾಕ್ಷಸನ ಬಗ್ಗೆ ಮಾತಾಡುತ್ತಾರೆ! ಬೆಕ್ಡೆಲ್ ಈ ನಿಯಮದ ಶ್ರೇಯಸ್ಸನ್ನು ತನ್ನ ಗೆಳತಿ ಲಿಝ್ ವಾಲೇಸ್‌ಗೆ ಕೊಟ್ಟಳು. ಇಬ್ಬರು ಹೆಂಗಸರ ಹರಟೆಯಲ್ಲಿ ಹುಟ್ಟಿದ ಆ ನಿಯಮವನ್ನು ಈಗ ಲೋಕವೆಲ್ಲ ಬಳಸುತ್ತದೆ. ಅದಕ್ಕೂ ಮುಂಚೆ, 1929ರಲ್ಲಿ, ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಕಾದಂಬರಿಗಳಲ್ಲಿ ಹೆಂಗಸರ ನಡುವಿನ ಗೆಳೆತನ ಸಿಗದ ಇದೇ ಕೊರತೆಯನ್ನು ಎತ್ತಿ ಆಡಿದ್ದಳು.

ಆ ನಿಯಮ ಹಿಡಿದು ನಮ್ಮೂರಿನ ಸಿನಿಮಾಕ್ಕೆ ಬನ್ನಿ. ಊರಿಗೆ ಹೆಸರು ಕೊಟ್ಟವಳು ಮಂಗಳಾದೇವಿ. ಆ ಮಂಗಳಾದೇವಿಯ ಆಸುಪಾಸಿನಲ್ಲೇ ನಡೆಯುವ ಕತೆ 2021ರ ‘ಗರುಡ ಗಮನ ವೃಷಭ ವಾಹನ’. ಕಸುಬು ಗೊತ್ತಿದ್ದವರು ಮಾಡಿದ ಸಿನಿಮಾ, ಮೆಚ್ಚಿದವರಲ್ಲಿ ನಾನೂ ಒಬ್ಬಳು. ಇಬ್ಬರು ಹೆಂಗಸರು ಕೂತು ಮಾತಾಡಿದ ಒಂದು ದೃಶ್ಯ ಮಾತ್ರ ಎಷ್ಟು ತಡಕಿದರೂ ನೆನಪಿಗೆ ಬರುವುದಿಲ್ಲ. 2025ರ ‘ಸು ಫ್ರಮ್ ಸೋ’ಗೆ ಥಿಯೇಟರು ಬಿದ್ದುಬಿದ್ದು ನಕ್ಕಿತು, ನಾನೂ ನಕ್ಕೆ. ಸು ಅಂದರೆ ಸುಲೋಚನಾ, ಸೋ ಅಂದರೆ ಸೋಮೇಶ್ವರ. ಊರಿನ ಗಂಡಸರೆಲ್ಲ ಸೇರಿ ಮಾತಾಡುವುದು ಒಬ್ಬ ಸತ್ತ ಹೆಂಗಸಿನ ಬಗ್ಗೆ. ಅವಳು ಮಾತಾಡುವುದು ಅಶೋಕ ಎಂಬ ಗಂಡಸಿನ ಬಾಯಿಯಿಂದ. ಇದರಲ್ಲಿರುವ ತಮಾಷೆ ಸಿನಿಮಾ ಮಾಡಿದವರಿಗೂ ಗೊತ್ತು, ಆದ್ದರಿಂದಲೇ ಕತೆ ಕೊನೆಗೆ ಸುಲೋಚನಾಳ ಮಗಳ ಕಷ್ಟದ ಕಡೆ ಹೊರಳುತ್ತದೆ. ಬಗೆಹರಿಸಲು ಬರುವವರು ಮತ್ತೆ ಅದೇ ಗಂಡಸರು.

ಇದು ನಮಗೆ ಹೊಸತೂ ಅಲ್ಲ. ತಾಳಮದ್ದಳೆಯ ಊರು ನಮ್ಮದು. ಪಂಚೆ, ಶಾಲು ಹೊದ್ದ ಗಂಡಸರು ಮೈಕಿನ ಮುಂದೆ ಕೂತು ದ್ರೌಪದಿಯೂ ತಾರೆಯೂ ಮಂಡೋದರಿಯೂ ಆಗಿ ಗಂಟೆಗಟ್ಟಲೆ ಅರ್ಥ ಹೇಳಿದ್ದಾರೆ. ಆ ವಾಕ್ಪಟುತ್ವಕ್ಕೆ ನಾನೂ ಕೈಮುಗಿದವಳು. ಆದರೆ ಒಂದು ಇಡೀ ಜಿಲ್ಲೆ ದ್ರೌಪದಿಯ ಸಿಟ್ಟನ್ನು ತಲೆಮಾರುಗಟ್ಟಲೆ ಗಂಡಸಿನ ಗಂಟಲಲ್ಲೇ ಕೇಳಿಸಿಕೊಂಡು ಬೆಳೆದರೆ, ಹೆಣ್ಣಿನ ಗಂಟಲಲ್ಲಿ ಅದು ಬಂದಾಗ ಕಿವಿಗೆ ಕರ್ಕಶ ಅನಿಸದೆ ಇರುತ್ತದೆಯೇ? ಲೀಲಾವತಿ ಬೈಪಾಡಿತ್ತಾಯರು ಮೇಳದಲ್ಲಿ ಜಾಗಟೆ ಹಿಡಿದು ಭಾಗವತಿಕೆಗೆ ಕೂತದ್ದು ಎಷ್ಟು ದೊಡ್ಡ ಕೆಲಸ ಎಂಬುದು ಅರ್ಥವಾಗಬೇಕಾದರೆ ಈ ಹಿನ್ನೆಲೆ ಗೊತ್ತಿರಬೇಕು.

ಹಾಗೆಂದು ಹೆಂಗಸರ ಮಾತಿಗೆ ನಮ್ಮಲ್ಲಿ ಪರಂಪರೆಯೇ ಇಲ್ಲ ಎನ್ನುವವರು ನೇಜಿ ನೆಡುವ ಗದ್ದೆಗೆ ಕಾಲಿಟ್ಟವರಲ್ಲ. ನೇಜಿ ನೆಡುತ್ತ ಹೆಂಗಸರು ಹಾಡುವ ತುಳುವಿನ ಸಿರಿ ಪಾಡ್ದನ ಇದೆಯಲ್ಲ! ಬಸ್ರೂರಿನ ಕಾಂತು ಪೂಂಜ ಬಸುರಿ ಹೆಂಡತಿಗೆಂದು ತಂದ ಸೀರೆಯನ್ನು ಮೊದಲು ಸೂಳೆ ಸಿದ್ದುವಿಗೆ ಉಡಿಸಿದ. ಸಿರಿ ಆ ಸೀರೆಯನ್ನು ಒಲ್ಲೆ ಎಂದಳು, ಆಮೇಲೆ ಗಂಡನನ್ನೂ ಒಲ್ಲೆ ಎಂದಳು. ತಾನೇ ವಿಚ್ಛೇದನ ಹೇಳಿ ಹೊರಟಳು. ಮುಂದೆ ಕೊಡ್ಸರ ಆಳ್ವನ ಮನೆಗೆ ಬಂದಾಗ ಅಲ್ಲಿ ಮೊದಲ ಹೆಂಡತಿ ಸಾಮು ಇದ್ದಾಳೆ. ಸವತಿಯರಿಬ್ಬರೂ ಸೆಣಸಿ ಸಾಯಬೇಕಿತ್ತು, ಟಿ.ವಿ. ಧಾರಾವಾಹಿಯವರು ಬರೆದಿದ್ದರೆ. ಪಾಡ್ದನ ಕಟ್ಟಿದವರು ಅವರಿಬ್ಬರನ್ನು ಅಕ್ಕತಂಗಿಯರನ್ನಾಗಿ ಮಾಡಿದರು. ಸಿರಿಯ ಮೊಮ್ಮಕ್ಕಳಾದ ಅಬ್ಬಗ, ದಾರಗರ ಚೆನ್ನೆಯಾಟ ಜಗಳಕ್ಕೆ ತಿರುಗಿ, ಮಣೆಯ ಏಟಿಗೆ ಒಬ್ಬಳು ಸತ್ತು, ಇನ್ನೊಬ್ಬಳು ಬಾವಿಗೆ ಹಾರುವ ಭಾಗ ಕೇಳಿ ನೋಡಿ. ಅಕ್ಕತಂಗಿಯರ ಪ್ರೀತಿಯೂ ಪೈಪೋಟಿಯೂ ಒಂದೇ ಮಣೆಯ ಮೇಲೆ, ನಡುವೆ ಗಂಡಸಿನ ಸುಳಿವಿಲ್ಲ. ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹೋಂಕೊ ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ 1998ರಲ್ಲಿ ಪ್ರಕಟಿಸಿದಾಗ 15,683 ಸಾಲು ಇತ್ತು. ಇಷ್ಟು ಆಸ್ತಿಯನ್ನು ಮನೆಯಲ್ಲಿಟ್ಟುಕೊಂಡು ‘ಅದರಲ್ಲಿ ಎಂತ ಉಂಟು’ ಎಂದು ಕೇಳುತ್ತೀರಲ್ಲ!

ಟಿ.ವಿ. ಧಾರಾವಾಹಿಯ ಮಾತು ಬಂತು. ಅದನ್ನು ತೋರಿಸಿ ನನ್ನ ಬಾಯಿ ಮುಚ್ಚಿಸಲು ನೋಡುವವರಿದ್ದಾರೆ. ಸಂಜೆ ಆರರಿಂದ ಹತ್ತರ ತನಕ ಬರೇ ಹೆಂಗಸರೇ ಮಾತಾಡುತ್ತಾರಲ್ಲ, ಇನ್ನೆಂತ ಬೇಕು? ಬೇಕಾದದ್ದು ಉಂಟು. ಆಸ್ತಿಗೆ ಸಂಚು, ಸೊಸೆಯ ಹಾಲಿಗೆ ವಿಷ, ಮಗನನ್ನು ಸೆರಗಿಗೆ ಕಟ್ಟಿಕೊಳ್ಳುವ ಅತ್ತೆ. ಹಗಲಿಡೀ ಬೀಡಿ ಕಟ್ಟಿ, ಗೇರುಬೀಜದ ಕಾರ್ಖಾನೆಯಲ್ಲಿ ಬೆರಳು ಸುಟ್ಟುಕೊಂಡು, ಮೀನು ಮಾರಿ ಮನೆಗೆ ಬಂದ ಹೆಂಗಸಿಗೆ ನೀವು ತೋರಿಸುವ ಹೆಂಗಸು ಅಡಿಯಿಂದ ಮುಡಿಯ ತನಕ ಒಡವೆ ಹಾಕಿ ಸೋಫಾದಲ್ಲಿ ಕೂತು ಇನ್ನೊಬ್ಬ ಹೆಂಗಸನ್ನು ಕೊಲ್ಲುವ ಯೋಚನೆ ಮಾಡುತ್ತಿರುತ್ತಾಳೆ. ಅಮೆರಿಕದ ಆ ನಿಯಮಕ್ಕೆ ಇದು ಪಾಸಾಗುತ್ತದೆ. ನಮ್ಮ ಜಗಲಿಯ ದೊಡ್ಡಮ್ಮನ ಎದುರು ನಪಾಸು.

ಕಿವಿಯಿಟ್ಟು ಕೇಳಿದವರ ಬರಹ ಹೇಗಿರುತ್ತದೆ? ವೈದೇಹಿಯವರನ್ನು ಓದಿ. ಕುಂದಾಪುರದ ಮನೆಗಳ ಒಳಕೋಣೆಯಿಂದ ಅವರು ತಂದ ಅಕ್ಕು, ಅಮ್ಮಚ್ಚಿ ಎಲ್ಲರೂ ಹೆಂಗಸರ ನಡುವೆಯೇ ಬದುಕುವವರು. ಊರು ಹುಚ್ಚಿ ಎಂದವಳ ಬಾಯಿಂದ ಊರಿನ ಹುಚ್ಚನ್ನು ಹೇಳಿಸಿದರು. ಅವರ ‘ಗುಲಾಬಿ ಟಾಕೀಸು’ ಕತೆಯನ್ನು ಹಿಡಿದು ಗಿರೀಶ್ ಕಾಸರವಳ್ಳಿ 2008ರಲ್ಲಿ ಮಾಡಿದ ಸಿನಿಮಾದಲ್ಲಿ ಗುಲಾಬಿ ಸೂಲಗಿತ್ತಿ, ಮುಸ್ಲಿಮಳು, ಕಡಲ ಬದಿಯ ಕೇರಿಯವಳು. ಹೆರಿಗೆ ಮಾಡಿಸಿದ್ದಕ್ಕೆ ಮನೆಗೆ ಟಿ.ವಿ. ಬಂತು, ಟಿ.ವಿ. ನೆಪದಲ್ಲಿ ಕೇರಿಯ ಹೆಂಗಸರು ಬಂದರು, ಹೆಂಗಸರ ಜೊತೆ ಅವರವರ ಗುಟ್ಟೂ ಬಂತು. ಕಾರ್ಗಿಲ್ ಯುದ್ಧದ ಹೊತ್ತಿನಲ್ಲಿ ಕೇರಿಗೆ ದ್ವೇಷ ಹೊಕ್ಕಾಗ ಮೊದಲು ಒಡೆದದ್ದು ಈ ಕೂಟ. ಗುಲಾಬಿಯನ್ನು ಓಡಿಸಬೇಕಾದರೆ ಮೊದಲು ಅವಳ ಜೊತೆ ಕೂತು ಮಾತಾಡುವವರನ್ನು ಇಲ್ಲವಾಗಿಸಬೇಕು. ಗಲಭೆ ಮಾಡುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು, ನಮ್ಮ ವಿಮರ್ಶಕರಿಗೆ ಗೊತ್ತಿಲ್ಲ.

ಇನ್ನು ಸಾರಾ ಅಬೂಬಕ್ಕರ್. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಬಾಳಿ, 2023ರ ಜನವರಿಯಲ್ಲಿ ಇಲ್ಲೇ ಕಣ್ಣು ಮುಚ್ಚಿದರು. ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ನಾದಿರಾಳ ಕತೆ ಎಲ್ಲರಿಗೂ ಗೊತ್ತು: ಅಪ್ಪ ಮಹಮ್ಮದ್ ಖಾನನ ಹಟಕ್ಕೆ ತಲಾಖ್ ಆಯಿತು, ಪ್ರೀತಿಸುವ ಗಂಡ ರಶೀದನ ಬಳಿ ಮರಳಬೇಕಾದರೆ ಒಂದು ರಾತ್ರಿ ಇನ್ನೊಬ್ಬನ ಹೆಂಡತಿಯಾಗಬೇಕು, ಕೊನೆಗೆ ಮಸೀದಿಯ ಕೆರೆ. ಆದರೆ ಅದು ನಾದಿರಾಳ ಕತೆಯಷ್ಟೇ ಎಂದು ಹೇಳುವವರು ಅರ್ಧ ಓದಿದವರು. ಇನ್ನರ್ಧ ತಾಯಿ ಫಾತಿಮಾಳದ್ದು. ಎಳೆ ಹುಡುಗಿಯಾಗಿ ಬಂದು ಗಂಡನ ಸಿಟ್ಟಿನ ಕೆಳಗೆ ನಡುಗುತ್ತ ಬದುಕಿದವಳು ಮಗಳಿಗೆ ಅದೇ ಗತಿ ಬಂದಾಗ ಏನು ಹೇಳಬೇಕು? ಈ ತಾಯಿ ಅಂಬಾಬಾಯಿಯ ಹಾಗೆ ಗಂಡನ ಪರ ವಾದ ಮಾಡುವುದಿಲ್ಲ. ಹೆದರುತ್ತಾಳೆ, ಮಗಳ ಜೊತೆ ಅಳುತ್ತಾಳೆ, ಮಗಳಿಗೆ ನ್ಯಾಯ ಯಾವುದು ಎಂಬುದು ಅವಳ ಎದೆಗೆ ಗೊತ್ತು. 1899ರ ತಾಯಿ ಮಗಳಿಂದ ಈ ತಾಯಿ ಮಗಳ ತನಕ ಬರಲು ಕರಾವಳಿಗೆ ಎಂಬತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಇದನ್ನು ಬರೆದ ಹೆಂಗಸಿಗೆ ಏನು ಸಿಕ್ಕಿತು? ರಾಜ್ಯ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಿಕ್ಕಿತು, ಬೈಗುಳವೂ ಸಿಕ್ಕಿತು. 1985ರಲ್ಲಿ ಪುತ್ತೂರಿನ ಸಾಹಿತ್ಯ ಸಭೆಯಲ್ಲಿ ಅವರು ಮಾತಾಡುವುದನ್ನು ತಡೆಯಲು ಅವರದೇ ಸಮುದಾಯದ ಹುಡುಗರು ಬಂದರು. ಹಿಂದೂ ಮೂಲಭೂತವಾದಿಗಳನ್ನು ಬೈದಾಗ ಆಚೆಯವರಿಗೂ ಬೇಡವಾದರು. 1994ರಲ್ಲಿ ‘ಚಂದ್ರಗಿರಿ ಪ್ರಕಾಶನ’ ಕಟ್ಟಿ ತಮ್ಮ ಪುಸ್ತಕವನ್ನು ತಾವೇ ಹೊರತಂದರು. 2011ರ ‘ಬ್ಯಾರಿ’ ಸಿನಿಮಾಕ್ಕೆ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. ಇದು ನನ್ನ ಕಾದಂಬರಿಯದ್ದೇ ಕತೆ, ನನ್ನನ್ನು ಕೇಳಲಿಲ್ಲ ಎಂದು ಸಾರಾ ಕೋರ್ಟು ಮೆಟ್ಟಿಲು ಹತ್ತಿದರು, ಮಂಗಳೂರಿನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಒಬ್ಬ ಲೇಖಕಿ ತಾನು ಬರೆದದ್ದು ತನ್ನದೇ ಎಂದು ಹೇಳಿಸಿಕೊಳ್ಳಲು ಮುದಿ ವಯಸ್ಸಿನಲ್ಲಿ ವಕೀಲರ ಆಫೀಸಿಗೆ ಅಲೆಯಬೇಕು. ‘ಹೆಂಗಸರ ಕಾದಂಬರಿಯಲ್ಲಿ ಎಂತ ಉಂಟು’ ಎನ್ನುವವರೇ, ಸ್ವರ್ಣಕಮಲ ಬರುವಷ್ಟು ಉಂಟು!

ಹಾಸನದ ಬಾನು ಮುಷ್ತಾಕ್ ಬಂದದ್ದು ನಮ್ಮ ಬಂಡಾಯದ ಬಳಗದಿಂದಲೇ. ‘ಎದೆಯ ಹಣತೆ’ ಕತೆಯ ಮೆಹರುನ್ ಗಂಡನಿಂದಲೂ ತವರಿನಿಂದಲೂ ಹೊರದೂಡಿಸಿಕೊಂಡು ಸೀಮೆಎಣ್ಣೆ ಸುರಿದುಕೊಂಡು ನಿಂತಾಗ ಅವಳನ್ನು ಹಿಡಿದು ನಿಲ್ಲಿಸುವುದು ಮಗಳು ಸಲ್ಮಾಳ ಮಾತು. ಪೊಲೀಸು, ಕಾಜಿ, ಅಣ್ಣಂದಿರು ಯಾರೂ ಇಲ್ಲ. ಹೆಣ್ಣೊಬ್ಬಳು ಹೆಣ್ಣೊಬ್ಬಳಿಗೆ ಹೇಳುವ ಮಾತಿನ ಮೇಲೆ ಆ ರಾತ್ರಿ ಒಂದು ಜೀವ ನಿಂತಿದೆ. ದೀಪಾ ಭಾಸ್ತಿ ಅನುವಾದಿಸಿದ ಅವರ 12 ಕತೆಗಳಿಗೆ 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಅಲ್ಲಿಂದ ಬಂದ ಮೇಲೆ ಇಲ್ಲಿ ಏನು ನಡೆಯಿತು? ಮೈಸೂರು ದಸರಾ ಉದ್ಘಾಟಿಸಲು ಅವರನ್ನು ಕರೆದದ್ದೇ ತಪ್ಪು ಎಂದು ಸುಪ್ರೀಂ ಕೋರ್ಟಿನ ತನಕ ಹೋದರು. ಹೋದವರು ಅವರ ಒಂದು ಕತೆಯನ್ನಾದರೂ ಓದಿದ್ದರೇ? ನನಗೆ ಅನುಮಾನ.

ನನ್ನ ಸಿಟ್ಟು ಪುಸ್ತಕದ್ದಷ್ಟೇ ಅಲ್ಲ. 2009ರ ಜನವರಿ 24ರಂದು ಇದೇ ಊರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಬೀದಿಗೆ ಎಳೆದು ಹೊಡೆದದ್ದನ್ನು ದೇಶವಿಡೀ ಟಿ.ವಿ.ಯಲ್ಲಿ ನೋಡಿತು. 2018ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಬೀರು, ಸಂಸ್ಕೃತಿ ಎಲ್ಲ ನೆಪ. ಗಂಡನೂ ಅಣ್ಣನೂ ಇಲ್ಲದ ಕಡೆ ನಾಲ್ಕು ಹುಡುಗಿಯರು ಮೇಜಿನ ಸುತ್ತ ಕೂತು ನಗುತ್ತಿದ್ದಾರೆ ಎಂಬುದು ತಡೆಯಲಾಗದ ವಿಷಯ. ಅವರು ಏನು ಮಾತಾಡಿಕೊಳ್ಳುತ್ತಿರಬಹುದು ಎಂಬ ಹೆದರಿಕೆ. ಸಭ್ಯ ಗಂಡಸರು ಇದೇ ಹೆದರಿಕೆಯಿಂದ ಪುಸ್ತಕ ಮುಚ್ಚುತ್ತಾರೆ, ಪುಂಡರು ಕೈ ಎತ್ತುತ್ತಾರೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೇನೆ ಎಂದು ನೊಂದುಕೊಳ್ಳುವವರು ನೊಂದುಕೊಳ್ಳಲಿ.

“ಹಾಗಾದರೆ ಕತೆಯಲ್ಲೂ ಮೀಸಲಾತಿಯಾ?” ಎಂದು ಕೇಳುತ್ತಾರೆ. ನಾನು ಬರೆಯುವವರಿಗೆ ಕಾನೂನು ಮಾಡಲು ಹೊರಟಿಲ್ಲ. ನನ್ನ ದುಡ್ಡು, ನನ್ನ ರಾತ್ರಿ, ನನ್ನ ಕಣ್ಣಿನ ಬೆಳಕು ಯಾವ ಪುಸ್ತಕಕ್ಕೆ ಎಂದು ನಾನು ಆರಿಸುತ್ತೇನೆ, ಅಷ್ಟೆ. ಹಣ್ಣು ಒತ್ತಿ ನೋಡಿ ಕೊಳ್ಳುವವರು ಪುಸ್ತಕ ನೋಡದೆ ಏಕೆ ಕೊಳ್ಳಬೇಕು? ನಡುವಿನ ಪುಟಗಳನ್ನು ಬಿಡಿಸುತ್ತೇನೆ. ಇಬ್ಬರು ಹೆಂಗಸರು ಎದುರುಬದುರು ಆದಾಗ ಏನು ಮಾತಾಡುತ್ತಾರೆ ನೋಡುತ್ತೇನೆ. ದುಡ್ಡಿನ ಮಾತು ಬರುತ್ತದೆಯೇ? ಮೈಯ ನೋವಿನದು? ಓದು, ಕೆಲಸ, ದೇವರು, ಜಾತಿ, ಕೋರ್ಟು, ಹಲಸಿನ ಹಪ್ಪಳ? ಬಂದರೆ ಪುಸ್ತಕ ನನ್ನ ಚೀಲಕ್ಕೆ. ಇಬ್ಬರೂ ಸೇರಿ ಒಬ್ಬ ಗಂಡಸಿನ ಕಣ್ಣಿಗೆ ಆರತಿ ಎತ್ತುತ್ತಿದ್ದರೆ ಕಪಾಟಿಗೆ ವಾಪಸು. ಅಂಥವನ್ನೂ ಓದಬೇಕಾದಷ್ಟು ಓದಿದ್ದಾಗಿದೆ.

ಈ ಊರಿನಲ್ಲಿ ಕರಾವಳಿ ಲೇಖಕಿಯರ ವಾಚಕಿಯರ ಸಂಘ ಎಂಬುದೊಂದಿದೆ, ಸಾರಾ ಅಬೂಬಕ್ಕರ್ ಕೂಡ ಅಧ್ಯಕ್ಷೆಯಾಗಿದ್ದ ಸಂಘ. ಬರೆಯುವವರ ಜೊತೆ ಓದುವ ಹೆಂಗಸರಿಗೂ ಕುರ್ಚಿ ಹಾಕಿದ್ದಾರೆ. ಓದುವವಳು ಯಾವುದನ್ನು ಆರಿಸುತ್ತಾಳೆ ಎಂಬುದರ ಮೇಲೆ ಬರೆಯುವವಳ ಎರಡನೇ ಮುದ್ರಣ ನಿಂತಿದೆ ಎಂದು ಅವರಿಗೆ ಗೊತ್ತಿತ್ತು. ಸಾರಾ ಅವರ ‘ಹೊತ್ತು ಕಂತುವ ಮುನ್ನ’, ‘ಸಹನಾ’, ‘ವಜ್ರಗಳು’ ಕೇಳಿಕೊಂಡು ಅಂಗಡಿಗೆ ಬರುವವರು ಯಾರೂ ಇಲ್ಲದಿದ್ದರೆ ಅಂಗಡಿಯವನು ಅವನ್ನು ಏಕೆ ಇಡುತ್ತಾನೆ?

ಆದ್ದರಿಂದ ಓದುವ ಅಕ್ಕಂದಿರೇ, ತಂಗಿಯರೇ, ಅವರ ಮನೆಯ ಓದುವ ಗಂಡಸರೇ, ಹಂಪನಕಟ್ಟೆಗೆ ಹೋದಾಗ ಪುಸ್ತಕದ ಅಂಗಡಿಗೊಮ್ಮೆ ಹತ್ತಿ ಸಾರಾ ಅವರ ಹೆಸರು ಹೇಳಿ ಕೇಳಿ. ವೈದೇಹಿ ಕೇಳಿ, ಗೀತಾ ನಾಗಭೂಷಣ ಕೇಳಿ, ಬಾನು ಮುಷ್ತಾಕರ ಕನ್ನಡದ ಕತೆಗಳನ್ನು ಕೇಳಿ, ‘ಇಂದಿರಾಬಾಯಿ’ಯನ್ನೂ ಕೇಳಿ. ಬಡಾವಣೆಯ ಲೈಬ್ರರಿಯಲ್ಲಿ ಇಲ್ಲದಿದ್ದರೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ಸ್ಟಾಕು ಇಲ್ಲ ಎಂದರೆ ತರಿಸಿ ಎನ್ನಿ, ಮುಂದಿನ ವಾರ ಮತ್ತೆ ಹೋಗಿ ಕೇಳಿ.